ಬಾಗಿಲ ಮೇಲಿನ ಕೆಂಪು ಗುರುತು

ಮೊನ್ನೆ ಯಳಂದೂರಿನ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬಳ ಹಾಸಿಗೆ ದಾಟುವಾಗ ಹರಳೆಣ್ಣೆಯ ವಾಸನೆ ಬಂತು. ಕಾಲು ತಾನಾಗಿಯೇ ನಿಂತಿತು. ಲೊಕ್ಕನಹಳ್ಳಿ ಕಡೆಯ ಕಾಡಿನಲ್ಲಿ ಸೋಲಿಗರ ಪುಟ್ಟ ಹಟ್ಟಿ, ಅವರ ಮಾತಿನಲ್ಲಿ ಪೋಡು; ಅಲ್ಲಿದ್ದ ಸೂಲಗಿತ್ತಿ ಅಜ್ಜಿಯ ಮೈಯೆಲ್ಲ ಇದೇ ವಾಸನೆ…

ಆಗ ನಾನು ಹೊಸ ನರ್ಸು. ಆಂಬುಲೆನ್ಸಿನವರಿಗೆ ಮನೆ ಬೇಗ ಸಿಗಲಿ ಎಂದು ಪೋಡಿನ ನಾಲ್ವರು ತುಂಬು ಬಸುರಿಯರ ಬಾಗಿಲಿಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದೆ. ಭಾರೀ ಬುದ್ಧಿವಂತೆ ಎಂದುಕೊಂಡಿದ್ದೆ. ಮುಂದಿನ ವಾರ ಹೋದರೆ ಅವರಲ್ಲಿ ಮೂವರು ತಮ್ಮ ನೆಂಟರ ಪೋಡುಗಳಿಗೆ ಓಡಿಹೋಗಿದ್ದರು. ಉಳಿದವಳು ಅಜ್ಜಿಯ ಮೊಮ್ಮಗಳು, ಚೊಚ್ಚಲ ಬಸುರಿ.

"ಕಾಡಲ್ಲಿ ಕಡಿಯೋ ಮರಕ್ಕೆ ಇಂಗೇ ಬಣ್ಣ ಬಳೀತಾರೆ ಕಣವ್ವ. ನೀನು ನಮ್ ಎಣ್ಮಕ್ಕಳ ಬಾಗ್ಲಿಗೇ ಬಳ್ದಿದ್ದೀಯಲ್ಲ!" ಎಂದಳು ಅಜ್ಜಿ.

ನಾಚಿಕೆಯಿಂದ ಭೂಮಿಗಿಳಿದು ಹೋದೆ. ತಪ್ಪಾಯಿತು ಎಂದೆ. ಆದರೆ ಮೊಮ್ಮಗಳ ಬಿ.ಪಿ. ವಿಪರೀತ ಏರಿತ್ತು, ಇಲ್ಲೇ ಉಳಿದರೆ ತಾಯಿ, ಕೂಸು ಇಬ್ಬರೂ ದಕ್ಕುವುದು ಕಷ್ಟ ಎಂದು ಹೇಳಲೇಬೇಕಾಯಿತು. ಅಜ್ಜಿ ಅವಳ ಊದಿದ ಕಾಲನ್ನು ಬೆರಳಿಂದ ಒತ್ತಿದಳು. ಬಿದ್ದ ಗುಳಿ ಹಾಗೇ ನಿಂತಿತು.

"ಇದು ನನ್ ಕೈ ಮೀರ್ತು. ಆಸ್ಪತ್ರೆಗೆ ಕರ್ಕೊಂಡೋಗು. ಆದ್ರೆ ನಾನೂ ಒಳಕ್ಕೆ ಬತ್ತೀನಿ."

ಪೋಡಿನವರೆಲ್ಲ ಸುತ್ತ ನಿಂತಿದ್ದರು. ಅವರಲ್ಲಿ ಅರ್ಧದಷ್ಟು ಜನ ಅವಳ ಕೈಯಲ್ಲೇ ಹುಟ್ಟಿದವರು. ಅವರೆದುರು ಆ ಮಾತಾಡಲು ಎಂಥ ಎದೆ ಬೇಕು! ನಾನು ಬೆರಗಾಗಿ ನೋಡುತ್ತಲೇ ಇದ್ದೆ.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಅಜ್ಜಿಯನ್ನು ಹೆರಿಗೆ ಕೋಣೆಯೊಳಗೆ ಬಿಡಲು ಡಾಕ್ಟರಮ್ಮ ಒಪ್ಪಿದರು. ಅಜ್ಜಿ ಕೈ ತೊಳೆದು, ಹಸಿರು ಗೌನು ತೊಟ್ಟು, ಮೊಮ್ಮಗಳ ತಲೆದೆಸೆಯಲ್ಲಿ ನಿಂತಳು. ಸಂಜೆಯ ಹೊತ್ತಿಗೆ ಹೆರಿಗೆಯಾಯಿತು. ಕೂಸು ತೀರಾ ಸಣ್ಣದು. ಅಜ್ಜಿ ಯಾರನ್ನೂ ಕೇಳದೆ ಅದನ್ನು ಬರಿಮೈಯಲ್ಲೇ ತಾಯಿಯ ಎದೆಗವಚಿ ಸೀರೆಯಿಂದ ಸುತ್ತಿದಳು.

"ನಾವು ಟ್ರೈನಿಂಗಲ್ಲಿ ಕಲಿಸೋದೂ ಇದನ್ನೇ," ಎಂದು ಡಾಕ್ಟರಮ್ಮ ನಕ್ಕರು.

ಆಮೇಲೆ ಅಜ್ಜಿಯೇ ನನ್ನ ಮುಂದೆ ಮುಂದೆ ನಡೆದು ಆ ಮೂವರನ್ನೂ ಹುಡುಕಿ ಕರೆತಂದಳು. ಮುಂದೆ ಆ ಪೋಡಿನಲ್ಲಿ ಯಾರಿಗೆ ನೋವು ಬಂದರೂ ಮೊದಲು ಫೋನ್ ಮಾಡಿಸುತ್ತಿದ್ದವಳು ಅವಳೇ.

ಒಮ್ಮೆ ಕೇಳಿದೆ, ಅಂದು ಅಷ್ಟು ಸಲೀಸಾಗಿ ಹೇಗೆ ಒಪ್ಪಿದೆ ಅಜ್ಜಿ ಎಂದು. ಅಂಗಳದಲ್ಲಿ ಕೂಸನ್ನು ಆಡಿಸುತ್ತಿದ್ದ ಮೊಮ್ಮಗಳತ್ತ ಕೈ ತೋರಿದಳು.

"ಇವಳವ್ವ, ನನ್ ಮಗಳು, ಇಂಗೇ ಕಾಲು ಊದಿ ನನ್ ಕೈಯಲ್ಲೇ ಪ್ರಾಣ ಬುಟ್ಳು ಕಣವ್ವ. ಆವತ್ತು ಕೈ ಮೀರ್ತು ಅನ್ನಾಕೆ ನಾಚ್ಕೊಂಡಿದ್ದೆ."

ಅಜ್ಜಿ ತೀರಿಕೊಂಡು ಮೂರು ವರ್ಷವಾಯಿತು. ಮಣ್ಣಿಗೆ ಹೋಗಲಾಗಲಿಲ್ಲ, ಅಂದು ಹೆರಿಗೆ ವಾರ್ಡಿನಲ್ಲಿ ನಾನೊಬ್ಬಳೇ ಇದ್ದೆ. ಬಿಟ್ಟು ಬಂದಿದ್ದರೆ ಅವಳೇ ಬೈಯುತ್ತಿದ್ದಳು ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಸಮಾಧಾನವೇನೂ ಆಗುವುದಿಲ್ಲ.