ಕುರುಗೋಡಿನ ರಸ್ತೆಯ ಫಿಲ್ಮು

ಲಾರಿಯಲ್ಲಿ ಪೇರಿಸಿದ ಹತ್ತಿ ಅಂಡಿಗೆಗಳ ಮೇಲಿಂದ ಬಿದ್ದ ನನ್ನ ಅಣ್ಣ ಮತ್ತೆ ಎದ್ದು ನಿಲ್ಲಲಿಲ್ಲ. ಅಲ್ಲಿಯವರೆಗೆ ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು ಎಂದು ಹತ್ತಿ ಖರೀದಿಗೆ ಸೈಕಲ್ಲಿನಲ್ಲೇ ತಿರುಗುತ್ತಿದ್ದವನು. ಈಗ ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯ ನಡುಕೋಣೆಯಲ್ಲಿ ಗೋಡೆ ನೋಡುತ್ತ ಮಲಗಿರುತ್ತಿದ್ದ. ಒಂದು ಮಧ್ಯಾಹ್ನ ಊಟ ಮಾಡಿಸುವಾಗ, ಕುರುಗೋಡಿನ ರಸ್ತೆಯನ್ನು ಸೈಕಲ್ ಮೇಲಿಂದ ಇನ್ನೊಮ್ಮೆ ನೋಡಬೇಕು ಅನಿಸುತ್ತದೆ ಎಂದ. ಬಿದ್ದ ಮೇಲೆ ಅವನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಆಗ ಬಳ್ಳಾರಿಯಲ್ಲಿ ಮದುವೆಗಳಿಗೆ ವಿಡಿಯೊ ತೆಗೆಸುವುದು ಹೊಸತು. ನನ್ನ ಜೊತೆ ಓದಿದವನೊಬ್ಬ ಸ್ಟುಡಿಯೊ ಇಟ್ಟಿದ್ದ. ಆ ರಸ್ತೆಯ ಚಿತ್ರ ತೆಗೆದು ಅಣ್ಣನಿಗೆ ತೋರಿಸೋಣವೆಂದು ಅವನ ಹತ್ತಿರ ಹೋದೆ. ಅವನ ವಿಡಿಯೊ ಕ್ಯಾಮೆರಾ ಹೆಗಲ ಮೇಲೆ ಹೊರುವಂಥದ್ದು, ರೆಕಾರ್ಡರು ಬೇರೆ. ಸೈಕಲ್ಲಿಗೆ ಕಟ್ಟಿದರೆ ಹ್ಯಾಂಡಲ್ಲೇ ತಿರುಗಿಬಿಡುತ್ತಿತ್ತು. ಕೊನೆಗೆ ಅವನಲ್ಲಿದ್ದ, ಕೀಲಿ ಕೊಟ್ಟು ಓಡಿಸುವ ಹಳೆಯ ಸಿನಿ ಕ್ಯಾಮೆರಾವನ್ನೇ ಆರಿಸಿಕೊಂಡೆ. ಸೈಕಲ್ ದೀಪದ ಕ್ಲಾಂಪಿಗೆ ಟ್ಯೂಬಿನ ರಬ್ಬರು ಸುತ್ತಿ, ಅದನ್ನು ಹ್ಯಾಂಡಲ್ ಮೇಲೆ ಬಿಗಿದು ಹೊರಟೆ.

ಫಿಲ್ಮು ಬೊಂಬಾಯಿಗೆ ಹೋಗಿ ತೊಳೆದು ಬರಲು ಬಹಳ ದಿನ ಹಿಡಿಯಿತು. ಗೆಳೆಯ ಪ್ರೊಜೆಕ್ಟರು ತಂದ. ಅಣ್ಣನ ಎದುರಿನ ಗೋಡೆಯ ಮೇಲೆ ಎಲ್ಲವೂ ಗಡಗಡ ನಡುಗಿತು. ರಸ್ತೆ ಯಾವುದು, ಹೊಲ ಯಾವುದು ಗೊತ್ತಾಗಲಿಲ್ಲ. ಕಾಲುವೆ ಸೇತುವೆಯ ಹತ್ತಿರ ನಾನು ಸೈಕಲ್ ನಿಲ್ಲಿಸಿದ್ದ ಕಡೆ ಮಾತ್ರ ಚಿತ್ರ ನೆಟ್ಟಗಿತ್ತು.

"ಇದು ನಿಂತದ್ದು ಲೇ," ಎಂದ ಅಣ್ಣ. "ನಿಂತದ್ದ ನಾ ದಿನಾ ನೋಡಾಕತ್ತೀನಿ."

ಮತ್ತೊಮ್ಮೆ ಹೋದೆ. ಈ ಸಲ ಚರ್ಮದ ಪಟ್ಟಿ ಹೊಲಿಸಿ ಕ್ಯಾಮೆರಾವನ್ನು ಎದೆಗೆ ಕಟ್ಟಿಕೊಂಡೆ. ರಸ್ತೆಯ ಕುಲುಕಾಟವನ್ನು ನನ್ನ ಮೈ ಅಷ್ಟಿಷ್ಟು ನುಂಗಿತು. ಗೋಡೆಯ ಮೇಲೆ ಜಾಲಿಗಿಡಗಳು ಹಿಂದೆ ಸರಿದವು, ಕುರುಗೋಡಿನ ಬಂಡೆಗುಡ್ಡ ಎದುರಿಗೆ ಬಂತು. ಇಳಿಜಾರು ಬಂದಾಗ ಅಣ್ಣನ ಬೆರಳುಗಳು ಕೌದಿಯ ಮೇಲೆ ಬ್ರೇಕು ಹಿಡಿದಂತೆ ಮಡಚಿಕೊಂಡವು. ನನಗೆ ಒಂದು ಗಳಿಗೆ ಸಂತೋಷವಾಯಿತು. ಫಿಲ್ಮು ಮುಗಿದು ಗೋಡೆ ಬೆಳ್ಳಗಾಯಿತು. ಅವನು ಕೌದಿ ಸರಿಸಲು ಹೇಳಿದ. ಸರಿಸಿದೆ. ತನ್ನ ಕಾಲುಗಳನ್ನು ಬಹಳ ಹೊತ್ತು ನೋಡಿದ.

"ಇನ್ನ ತರಬ್ಯಾಡ. ನೋಡಿದ ಮ್ಯಾಲೆ ಭಾಳ ಕಷ್ಟ ಆಕ್ಕೈತಿ."

ಆಮೇಲೆ ಅವನು ರಸ್ತೆಯ ಮಾತೆತ್ತಲಿಲ್ಲ. ಊಟವೂ ಕಡಿಮೆಯಾಯಿತು. ಮಲಗಿ ಮಲಗಿ ಬೆನ್ನಿಗಾಗಿದ್ದ ಹುಣ್ಣು ಮಾಯಲೇ ಇಲ್ಲ. ಬೇಸಿಗೆ ಬರುವುದರೊಳಗೆ ತೀರಿಕೊಂಡ.

ತಿಂಗಳ ನಂತರ ಅವ್ವ, ಆ ಫಿಲ್ಮನ್ನು ತನಗೂ ತೋರಿಸು ಎಂದಳು. ಅಣ್ಣನಿಗೆ ತೋರಿಸಿದಾಗ ಅವಳು ಅಡುಗೆಮನೆ ಬಿಟ್ಟು ಬಂದಿರಲಿಲ್ಲ. ಗೆಳೆಯ ಮತ್ತೆ ಪ್ರೊಜೆಕ್ಟರು ತಂದ, ಅದೇ ಗೋಡೆಯ ಮೇಲೆ ಬಿಟ್ಟೆವು. ಗುಡ್ಡ ಬಂತು, ಇಳಿಜಾರು ಬಂತು, ಮುಗಿಯಿತು.

"ಅಂವ ಯಾವಾಗ ಬರ್ತಾನ?" ಎಂದು ಕೇಳಿದಳು.

ಗೆಳೆಯ ನನ್ನ ಮುಖ ನೋಡಿದ. ಇದರಲ್ಲಿ ರಸ್ತೆ ಮಾತ್ರ ಇದೆ ಎಂದು ನಾನು ಮೆಲ್ಲಗೆ ಹೇಳಿದೆ. ಅವ್ವ ಸೆರಗು ಸರಿ ಮಾಡಿಕೊಂಡು ಎದ್ದು ಒಳಗೆ ಹೋದಳು.