ಒಂಬೈನೂರು ಗ್ರಾಂ ಕಡಿಮೆ

ನೆವಿಲ್ ಗಾರ್‌ಸೈಡ್‌ನನ್ನು ಉತ್ತರ ಇಂಗ್ಲೆಂಡಿನ ಬೇಕಪ್ ಊರಿನವರು ಸೈಲೆನ್ಸರ್ ನೆವಿಲ್ ಎಂದೇ ಕರೆಯುತ್ತಿದ್ದರು. ವಾರದ ಐದು ದಿನ ಅವನು ತನ್ನ ಶೆಡ್ಡಿನಲ್ಲಿ ಊರವರ ಕಾರುಗಳಡಿ ಮಲಗಿ, ತುಕ್ಕು ತಿಂದ ಸೈಲೆನ್ಸರ್ ಬಿಚ್ಚಿ ಹೊಸದು ಕೂರಿಸುತ್ತಿದ್ದ. ಶನಿವಾರ ಬಂತೆಂದರೆ ಟೂರಿಂಗ್ ಕಾರ್ ರೇಸಿಗೆ ಹೊರಡುತ್ತಿದ್ದ. ಆ ರೇಸಿನ ಕಾರುಗಳು ನೋಡುವುದಕ್ಕೆ ಬೀದಿಯಲ್ಲಿ ಓಡಾಡುವ ಕಾರುಗಳಂತೆಯೇ ಇರುತ್ತವೆ. ಆದರೆ ಬಾಗಿಲಿಗೆ ಬಾಗಿಲು ಉಜ್ಜಿಕೊಂಡು, ಮುಂದಿನವನ ಬೆನ್ನಿಗೆ ಗುದ್ದಿಕೊಂಡು ಓಡುತ್ತವೆ. ಜನ ಬರುವುದೂ ಅದಕ್ಕೇ.

ಹದಿಮೂರು ವರ್ಷ ಅವನು ಹೀಗೆ ಓಡಿಸಿದ. ಏಳು ಸಲ ಎರಡನೆಯವನಾದ. ಮೊದಲನೆಯವನಾಗಿ ಒಂದು ಸಲವೂ ಬರಲಿಲ್ಲ.

ಅಪ್ಪ ಟಾಡ್‌ಮರ್ಡನ್ ಗುಡ್ಡದ ದಾರಿಯಲ್ಲಿ ಬಸ್ ಓಡಿಸುತ್ತಿದ್ದ. ಒಂದು ನಿಮಿಷ ಮುಂಚೆಯೂ ಇಲ್ಲ, ಒಂದು ನಿಮಿಷ ತಡವೂ ಇಲ್ಲ ಎಂಬುದೇ ಅವನ ಹೆಮ್ಮೆ. ಮಗ ಹತ್ತೊಂಬತ್ತಕ್ಕೆ ಒಂದು ಹಳೆಯ ಮಿನಿ ಕಾರು ತಂದು, ರೈತನೊಬ್ಬನ ಹುಲ್ಲುಗಾವಲಿನಲ್ಲಿ ಸುತ್ತು ಹಾಕಲು ಶುರು ಮಾಡಿದಾಗ ಅಪ್ಪ ಒಂದೇ ಪ್ರಶ್ನೆ ಕೇಳಿದ್ದ: ಹೊರಟಲ್ಲಿಗೇ ವಾಪಸ್ ಬರುವುದಕ್ಕೆ ಇಷ್ಟು ಅವಸರ ಏಕೆ? ಆ ಹುಲ್ಲುಗಾವಲಿನಲ್ಲೇ ಪಾಲೀನ್ ಸಿಕ್ಕಿದ್ದು. ಅವಳು ಮೇಜು ಹಾಕಿಕೊಂಡು ಕೂತು, ಯಾವ ಕಾರು ಎಷ್ಟು ಸುತ್ತು ಮುಗಿಸಿತು ಎಂದು ಗೀಟು ಎಳೆಯುತ್ತಿದ್ದಳು. ಮೂರನೆಯ ವಾರ ನೆವಿಲ್ ತನಗೆ ಒಂದು ಸುತ್ತು ಕಡಿಮೆ ಹಾಕಿದ್ದಾಳೆಂದು ಜಗಳಕ್ಕೆ ಹೋದ. ಅವಳು ಹಾಳೆ ತಿರುಗಿಸಿ ತೋರಿಸಿದಳು. ಅವಳ ಲೆಕ್ಕವೇ ಸರಿಯಿತ್ತು. ಮುಂದಿನ ವರ್ಷ ಮದುವೆಯಾದರು.

ಟೂರಿಂಗ್ ಕಾರಿಗೆ ಬಂದದ್ದು ಮೂವತ್ತೊಂದನೆಯ ವಯಸ್ಸಿನಲ್ಲಿ. ದೊಡ್ಡ ತಂಡಗಳಲ್ಲಿ ಕಾರಿಗೆ ಹತ್ತು ಜನ ಇರುತ್ತಿದ್ದರು. ನೆವಿಲ್‌ನ ಕಡೆ ಇದ್ದವನು ವಿಲ್ಫ್ ಟ್ಯಾಟರ್‌ಸಲ್ ಒಬ್ಬನೇ. ಬಸ್ ಡಿಪೋದಲ್ಲಿ ಅಪ್ಪನ ಜೊತೆ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಶೆಡ್ಡಿನ ಗಿರಾಕಿಗಳಲ್ಲಿ ಇಬ್ಬರು ಟೈರ್ ಉರುಳಿಸಲು ಬರುತ್ತಿದ್ದರು. ವಿಲ್ಫ್‌ನ ಕೈ ಚಿನ್ನದಂಥದ್ದು, ನಾಲಿಗೆ ಮಾತ್ರ ಮರಳು ಕಾಗದ. ರೇಸಿನ ಕಾರುಗಳು ರಿಪೇರಿಗೆ ನಿಲ್ಲುವ ಪಿಟ್‌ನ ಗೋಡೆಯ ಮೇಲೆ ಕೂತು ರೇಡಿಯೋದಲ್ಲಿ ಅವನು ಮಾತಾಡುವುದು ಕೇಳಿದರೆ ಬೈಯುತ್ತಿದ್ದಾನೋ ದಾರಿ ಹೇಳುತ್ತಿದ್ದಾನೋ ತಿಳಿಯುತ್ತಿರಲಿಲ್ಲ.

ನಾಲ್ಕನೆಯ ವರ್ಷ ಕಾರು ಮಗುಚಿ ಮೂರು ಪಲ್ಟಿ ಹೊಡೆಯಿತು. ನೆವಿಲ್‌ಗೆ ಮುರಿದದ್ದು ಒಂದು ಬೆರಳು ಮಾತ್ರ. ಆದರೆ ಅಂದಿನಿಂದ ಪಾಲೀನ್ ಬೇಲಿಯ ಹತ್ತಿರ ನಿಂತು ರೇಸ್ ನೋಡುವುದನ್ನು ಬಿಟ್ಟಳು. ಎಲ್ಲ ಕಡೆಗೂ ಬರುತ್ತಿದ್ದಳು, ಎಲ್ಲರಿಗೂ ಚಹಾ ಮಾಡುತ್ತಿದ್ದಳು. ಕಾರುಗಳು ಹೊರಟವೆಂದರೆ ಮಾತ್ರ ವ್ಯಾನಿನೊಳಗೆ ಬಾಗಿಲು ಹಾಕಿಕೊಂಡು ಪದಬಂಧ ತುಂಬಿಸುತ್ತಿದ್ದಳು.

ಆರನೆಯ ವರ್ಷ ನೆವಿಲ್ ಎಲ್ಲರಿಗಿಂತ ನಾಲ್ಕು ಸೆಕೆಂಡ್ ಮುಂದಿದ್ದ. ಇನ್ನೆರಡೇ ಸುತ್ತು ಇದ್ದಾಗ ಬ್ಯಾಟರಿಯ ತಂತಿ ಕಳಚಿಕೊಂಡಿತು. ಒಂಬತ್ತನೆಯ ವರ್ಷ ಮುಂದೆ ಓಡುತ್ತಿದ್ದಾಗ ಇನ್ಯಾರದೋ ಇಂಜಿನ್ ಚೆಲ್ಲಿದ ಎಣ್ಣೆಯ ಮೇಲೆ ಜಾರಿ ಟ್ರ್ಯಾಕಿನ ಬದಿಯ ಮರಳಿನಲ್ಲಿ ಹೂತ. ಗೆಲುವಿನ ಹತ್ತಿರ ಬಂದ ಉಳಿದ ಸಲವೆಲ್ಲ ಎರಡನೆಯ ಸ್ಥಾನ. ಎರಡನೆಯ ಸ್ಥಾನಕ್ಕೂ ಅಲ್ಲಿ ಒಂದು ಶಿಕ್ಷೆ ಇತ್ತು. ಒಂದೇ ದಿನ ಮೂರು ರೇಸು. ಒಂದರಲ್ಲಿ ಮೊದಲ ಐದರೊಳಗೆ ಬಂದವರ ಕಾರಿಗೆ ಮುಂದಿನದಕ್ಕೆ ಸೀಸದ ಹಲಗೆ ತಿರುಪು ಹಾಕಿ ಕೂರಿಸುತ್ತಾರೆ. ಚೆನ್ನಾಗಿ ಓಡಿದವನು ಭಾರ ಹೊರಬೇಕು, ಹಿಂದಿದ್ದವರಿಗೂ ಅವಕಾಶ ಸಿಗಬೇಕು ಎಂಬುದು ನಿಯಮ.

“ಗೆದ್ದೋನು ಹೊತ್ಕೊಂಡ್ರೆ ನ್ಯಾಯ,” ಎನ್ನುತ್ತಿದ್ದ ವಿಲ್ಫ್, ಹಲಗೆ ಬಿಗಿಯುತ್ತ. “ಸೋತೋನೂ ಹೊರ್ಬೇಕು ಅಂದ್ರೆ ಅದ್ಯಾವ ಸೀಮೆ ಕಾನೂನೋ.”

ನೆವಿಲ್‌ಗೆ ನಲವತ್ತಮೂರು ತುಂಬಿತು. ಸೊಂಟ ಹಿಡಿದುಕೊಳ್ಳುತ್ತಿತ್ತು. ಈ ಹಂಗಾಮೇ ಕೊನೆ ಎಂದು ಪಾಲೀನ್‌ಗೆ ಮಾತು ಕೊಟ್ಟ. ಕೊಟ್ಟ ಮಾತಿಗೆ ತಪ್ಪುವವನಲ್ಲ. ಆದರೆ ಒಂದು, ಒಂದೇ ಒಂದು ಸಲ ಗೆದ್ದು ನಿಲ್ಲಿಸಬೇಕು ಎಂಬ ಆಸೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಆಗಲಿಲ್ಲ. ಉಳಿದದ್ದು ಅಕ್ಟೋಬರಿನಲ್ಲಿ, ಕೆಂಟ್ ಸೀಮೆಯ ಟ್ರ್ಯಾಕಿನ ಒಂದು ಭಾನುವಾರ.

ಬೆಳಿಗ್ಗೆ ಪಾಲೀನ್ ಎಲ್ಲರಿಗೂ ಬೇಕನ್, ಅಂದರೆ ಉಪ್ಪು ಹಾಕಿದ ಹಂದಿಮಾಂಸ, ಕರಿದು ಬನ್ನಿನೊಳಗಿಟ್ಟು ಕೊಟ್ಟಳು. ನೆವಿಲ್‌ಗೆ ಸೇರಲಿಲ್ಲ, ತನ್ನದನ್ನು ವಿಲ್ಫ್‌ನ ತಟ್ಟೆಗೆ ಹಾಕಿದ. ಮೊದಲ ರೇಸಿನಲ್ಲಿ ಮತ್ತೆ ಎರಡನೆಯ ಸ್ಥಾನ ಬಂತು. ಗೆದ್ದವನು ಇಪ್ಪತ್ತೆರಡರ ಹುಡುಗ, ವೇಲ್ಸ್‌ನ ಗೆತಿನ್ ಪ್ರಾಸರ್. ನೆವಿಲ್‌ನ ಕಾರಿಗೆ ಸೀಸ ಬಂತು. ಎರಡನೆಯ ರೇಸಿನಲ್ಲಿ ಆ ಭಾರ ಹೊತ್ತು ತಿಣುಕುತ್ತ ಎಂಟನೆಯವನಾದ.

ಮೂರನೆಯ ರೇಸಿಗೆ ಕಾರುಗಳು ಹೊರಡುವ ಸಾಲು ತಿರುವುಮುರುವು. ಒಂದು ಚೀಲದಿಂದ ಸಂಖ್ಯೆಯ ಚೀಟಿ ಎತ್ತುತ್ತಾರೆ. ಆ ಸಂಖ್ಯೆ ಎಷ್ಟೋ, ಎರಡನೆಯ ರೇಸಿನಲ್ಲಿ ಅಷ್ಟನೆಯವನಾಗಿ ಬಂದವನು ಈಗ ಎಲ್ಲರಿಗಿಂತ ಮುಂದೆ ನಿಲ್ಲುತ್ತಾನೆ. ಆ ದಿನ ಚೀಟಿ ಎತ್ತಿದ್ದು ಸ್ಥಳೀಯ ಅಗ್ನಿಶಾಮಕ ದಳದ ಹೆಂಗಸೊಬ್ಬಳು. ಬಂದದ್ದು ಎಂಟು.

ವಿಲ್ಫ್ ಕಾರಿನಡಿ ನುಗ್ಗಿದ. ಎಂಟನೆಯವನಿಗೆ ಸೀಸವಿಲ್ಲ, ಹಲಗೆಗಳೆಲ್ಲ ಹೊರಬಂದವು. ಪೆಟ್ರೋಲನ್ನು ಚಮಚದಲ್ಲಿ ಅಳೆದಂತೆ ಅಳೆದು ಹಾಕಿದ. ರೇಸ್ ಮುಗಿದ ಮೇಲೆ ಕಾರು, ಚಾಲಕ ಸೇರಿ ಇಂತಿಷ್ಟಕ್ಕಿಂತ ಕಡಿಮೆ ತೂಗಬಾರದು. ಹೆಚ್ಚು ತೂಗಿದರೆ ಓಟ ನಿಧಾನ, ನಷ್ಟ ತಂಡದ್ದೇ. ಆದ್ದರಿಂದ ಎಲ್ಲ ತಂಡಗಳೂ ಗೆರೆಗೆ ತಾಗಿಸಿಯೇ ತೂಕ ಇಡುತ್ತವೆ, ಅದರಲ್ಲಿ ಗೋಲಿಯನ್ನೂ ಸೇರಿಸಿಕೊಳ್ಳುತ್ತವೆ. ಗೋಲಿ ಎಂದರೆ ಟೈರಿನಿಂದ ಕಿತ್ತು ರಸ್ತೆಯ ಹೊರಬದಿಗೆ ಸಿಡಿದುಬಿದ್ದ ರಬ್ಬರ್ ಉಂಡೆ. ರೇಸ್ ಮುಗಿದು ಬಾವುಟ ಬಿದ್ದ ಮೇಲೆ ನಿಧಾನವಾಗಿ ಸುತ್ತು ಹಾಕಿ ಬರುವಾಗ, ಓಡಿ ಓಡಿ ನಯವಾದ ಜಾಡು ಬಿಟ್ಟು ಬದಿಯ ಕಸದ ಮೇಲೆ ಬಂದರೆ, ಕಾದ ಟೈರಿಗೆ ಗೋಲಿಗಳು ಬೆಲ್ಲಕ್ಕೆ ಇರುವೆಯಂತೆ ಮೆತ್ತಿಕೊಳ್ಳುತ್ತವೆ. ನಾಲ್ಕು ಟೈರಿಗೆ ಎರಡು ಕಿಲೋ ಖಂಡಿತ. ಹದಿಮೂರು ವರ್ಷ ಪ್ರತಿ ರೇಸಿನ ಕೊನೆಗೆ ವಿಲ್ಫ್ ರೇಡಿಯೋದಲ್ಲಿ ಹೇಳುತ್ತಿದ್ದ ಮಾತು ಒಂದೇ: ಗೋಲಿ ಹೆಕ್ಕು ಮಗಾ.

ತಡೆಯುವ ಕೆಂಪು ದೀಪ ಆರಿತು, ಕಾರುಗಳು ಹೊರಟವು. ಮೊದಲ ತಿರುವಿನಿಂದಲೇ ನೆವಿಲ್ ಮುಂದೆ. ಎಂಟನೆಯ ಸುತ್ತಿನಲ್ಲಿ ಗೆತಿನ್ ಬೆನ್ನಿಗೆ ಬಂದ, ಎರಡು ಸಲ ಗುದ್ದಿದ. ನೆವಿಲ್ ಜಾಗ ಬಿಡಲಿಲ್ಲ. ಕನ್ನಡಿಯಲ್ಲಿ ಹುಡುಗನ ಕಾರು ಎಡಕ್ಕೆ ಇಣುಕುತ್ತಿತ್ತು, ಬಲಕ್ಕೆ ಇಣುಕುತ್ತಿತ್ತು. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಬಾಗಿಲಿಗೆ ಬಾಗಿಲು ತಾಗಿ ಕನ್ನಡಿ ಮುರಿದುಹೋಯಿತು. ಬಾವುಟ ಬಿತ್ತು. ಗೆದ್ದವನು ನೆವಿಲ್ ಗಾರ್‌ಸೈಡ್.

ರೇಡಿಯೋದಲ್ಲಿ ಮಾತೇ ಇರಲಿಲ್ಲ. ಯಾರೋ ಮೂಗು ಎಳೆದುಕೊಳ್ಳುವ ಸದ್ದು ಮಾತ್ರ ಕೇಳುತ್ತಿತ್ತು. ನೆವಿಲ್ ನಿಧಾನ ಮಾಡಿದ, ಎಂದಿನಂತೆ ಹೊರಬದಿಯ ಕಸಕ್ಕೆ ಕಾರು ಇಳಿಸಲು ಹೊರಟ. ಆಗ ಸೇತುವೆಯ ತಿರುವಿನಾಚೆ, ಒಳಗಡೆಯ ಬೇಲಿಗೆ ಆನಿಕೊಂಡು ನಿಂತಿದ್ದ ಪಾಲೀನ್ ಕಂಡಳು. ಅವಳ ಕೈಯಲ್ಲಿ ಇನ್ನೂ ಪದಬಂಧದ ಪೆನ್ಸಿಲ್ ಇತ್ತು. ಒಂಬತ್ತು ವರ್ಷದಿಂದ ಬೇಲಿಗೆ ಬಾರದವಳು ಬಂದಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳು. ನೆವಿಲ್ ಒಳಗಡೆಗೆ, ಅವಳ ಕಡೆಗೆ ತಿರುಗಿಸಿದ. ನಯವಾದ ಜಾಡಿನ ಮೇಲೆ ಮೆಲ್ಲಗೆ ಉರುಳಿಸಿಕೊಂಡು, ಕಿಟಕಿಯಿಂದ ಕೈ ಹೊರಗೆ ಹಾಕಿ ಅವಳಿಗೆ ಬೀಸಿದ. ಅವಳನ್ನು ದಾಟಿದ ಮೇಲೂ ಆ ಕಡೆ ನಿಂತ ಜನರಿಗೆ ಬೀಸುತ್ತಲೇ ಬಂದ. ಪಿಟ್ ಸೇರುವವರೆಗೆ ಕಾರು ಆ ಜಾಡು ಬಿಡಲಿಲ್ಲ.

ಹೆಲ್ಮೆಟ್, ಕೈಗವಸುಗಳ ಸಮೇತ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಬರೆದುಕೊಂಡರು. ಅಲ್ಲಿಂದ ನೇರವಾಗಿ ವೇದಿಕೆಗೆ ಕರೆದೊಯ್ದು ಬೆಳ್ಳಿಯ ಬಟ್ಟಲು ಕೊಟ್ಟರು. ಗೆತಿನ್ ಅವನ ತಲೆಯ ಮೇಲೆ ಷಾಂಪೇನ್ ಸುರಿದ. ಕೆಳಗಿಳಿದು ಬರುವಾಗ ವಿಲ್ಫ್ ಎದುರಿಗೆ ನಿಂತಿದ್ದ. ಮುಖ ಸುಣ್ಣದ ಗೋಡೆಯಾಗಿತ್ತು.

“ಕಾರು ತೂಗ್ತಾ ಇದಾರೆ,” ಎಂದ. “ನೆವ್, ಟೈರ್ ಯಾಕೋ ಅಷ್ಟು ನೈಸಾಗಿದೆ?”

ಒಂಬೈನೂರು ಗ್ರಾಂ ಕಡಿಮೆ ಬಂದಿತ್ತು. ಮೂರು ಸಲ ತೂಗಿದರು. ತೂಕದ ಅಧಿಕಾರಿ ಒಳ್ಳೆಯ ಮನುಷ್ಯ. ಯಂತ್ರವನ್ನು ಸೊನ್ನೆಗೆ ತಂದು, ಕಾರನ್ನು ಹಿಂದೆ ತಳ್ಳಿಸಿ, ಗಾಳಿ ಬೀಸದಂತೆ ಷಟರ್ ಎಳೆಸಿ ಮತ್ತೆ ತೂಗಿದ. ಪ್ರತಿ ಸಲವೂ ಅದೇ ಒಂಬೈನೂರು. ಮುರಿದ ಕನ್ನಡಿಯನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ವಿಲ್ಫ್ ವಾದ ಹೂಡಿದ. ರೇಸಿನಲ್ಲಿ ಕಳಚಿದ್ದು ಕಳಚಿದ್ದೇ, ನಿಯಮದಲ್ಲಿ ಹಾಗಿಲ್ಲ ಎಂದು ಅಧಿಕಾರಿ ಪುಸ್ತಕ ತೆಗೆದು ತೋರಿಸಿದ. ಬೇಕಾದರೆ ಮೇಲ್ಮನವಿ ಹಾಕಬಹುದು ಎಂದೂ ಹೇಳಿದ.

“ಏನಂತ ಹಾಕ್ಲಿ?” ನೆವಿಲ್ ಕೇಳಿದ. “ತೂಕ ಸರಿ ಇದೆ ಅಂತ್ಲಾ?”

“ನಿಮ್ಮಿಷ್ಟ ಗಾರ್‌ಸೈಡ್ ಅವರೇ. ನಾನು ಇದನ್ನ ಬರೆಯೋದು ಬೇಡ ಅಂತ ದೇವರ ಹತ್ರ ಬೇಡ್ಕೊಂಡೆ.”

ಗೆಲುವು ರದ್ದೆಂಬ ಕಾಗದಕ್ಕೆ ನೆವಿಲ್ ಸಹಿ ಹಾಕಿದ.

ತಮ್ಮ ಡೇರೆಗೆ ಬಂದ ಮೇಲೆ ವಿಲ್ಫ್ ಟೂಲ್ ಪೆಟ್ಟಿಗೆಯನ್ನು ಒದ್ದ. ತಿರುಪುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಆಮೇಲೆ ಅವನೇ ಕೂತು ಒಂದೊಂದಾಗಿ ಆರಿಸಿದ. ಗೋಲಿ ಹೆಕ್ಕು ಅಂತ ನಾನೇ ಹೇಳಲಿಲ್ಲ, ಹದಿಮೂರು ವರ್ಷ ಹೇಳಿದವನು ಇವತ್ತು ಬಾಯಿ ಬಿಡಲಿಲ್ಲ, ಅತ್ತುಕೊಂಡು ಕೂತಿದ್ದೆ ಎಂದು ನೆಲಕ್ಕೆ ಹೇಳುವಂತೆ ಹೇಳುತ್ತಿದ್ದ. ನೆವಿಲ್‌ಗೆ ಆ ತಪ್ಪೊಪ್ಪಿಗೆಯೂ ಸಿಟ್ಟು ತಂದಿತು. ಸ್ಟೀರಿಂಗ್ ಇದ್ದದ್ದು ತನ್ನ ಕೈಯಲ್ಲಿ.

“ಇಷ್ಟು ವರ್ಷ ಆಗಿದೆ, ನೀನು ಹೇಳಿದ್ರೇನೆ ನಂಗೆ ಗೊತ್ತಾಗ್ಬೇಕಾ?”

“ಮತ್ಯಾಕೆ ಆ ಕಡೆ ಹೋದೆ?”

“ಮರೆತೆ.”

ವಿಲ್ಫ್ ತಲೆಯೆತ್ತಿ ನೋಡಿದ. ನಂಬಲಿಲ್ಲವೆಂದು ಕಣ್ಣೇ ಹೇಳುತ್ತಿತ್ತು. ಆದರೂ ಕೆದಕಲಿಲ್ಲ. “ಬೆಳಿಗ್ಗೆ ಆ ಬನ್ನು ನನ್ನ ತಟ್ಟೆಗೆ ಹಾಕ್ದೆ ನೀನೇ ತಿಂದಿದ್ರೆ...” ಎಂದು ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿದ. ಒಂದು ಬನ್ನು ಎಷ್ಟು ತೂಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ನಗು ಬರಲಿಲ್ಲ.

ಬಟ್ಟಲನ್ನು ಮರಳಿಸಬೇಕಿತ್ತು. ಅಧಿಕಾರಿಗಳು ಯಾರನ್ನಾದರೂ ಕಳಿಸುತ್ತೇವೆ ಎಂದಿದ್ದರು. ನೆವಿಲ್ ಅಲ್ಲಿಯವರೆಗೆ ಅದನ್ನು ನೋಡಿಕೊಂಡು ಕೂರಲಾರದೆ ತಾನೇ ಎತ್ತಿಕೊಂಡು ಹೊರಟ. ಈಗ ಮೊದಲನೆಯವನಾದ ಗೆತಿನ್‌ನ ತಂಡದ ದೊಡ್ಡ ಡೇರೆಯಲ್ಲಿ ನಗು, ಹಾಡು ನಡೆದಿತ್ತು. ಇವನನ್ನು ಕಂಡಕೂಡಲೇ ನಿಂತುಹೋಯಿತು.

“ನನಗೆ ಬೇಡ ಸರ್,” ಎಂದ ಹುಡುಗ. “ಓಟದಲ್ಲಿ ಗೆದ್ದಿದ್ದು ನೀವು. ಮನೇಲಿ ಇಟ್ಕೊಳ್ಳಿ, ನಾನೇನೂ ಅನ್ಕೊಳ್ಳಲ್ಲ.”

“ಗೆದ್ದಿದ್ರೆ ಇಟ್ಕೊತಿದ್ದೆ ಕಣಯ್ಯ. ಹಿಡಿ. ಮತ್ತೆ, ಒಂದು ಕನ್ನಡಿ ಬಾಕಿ ಇಟ್ಟಿದ್ದೀಯ, ಬೇಕಪ್‌ಗೆ ಕಳಿಸ್ಕೊಡು.”

ಬಟ್ಟಲನ್ನು ಹುಡುಗನ ಕೈಗಿಟ್ಟು, ಹಿಂದಿರುಗಿ ನೋಡದೆ ಬಂದ. ತನ್ನ ಮಾತಿಗೆ ಡೇರೆಯಲ್ಲಿ ಯಾರೂ ನಗದೇ ಇದ್ದದ್ದು ಅವನಿಗೆ ಅರ್ಧ ದಾರಿಯಲ್ಲಿ ಹೊಳೆಯಿತು.

ಸಂಜೆ ಐದೂವರೆಗೆ ಹೊರಗೇಟಿನ ಮುಂದೆ ವಾಹನಗಳ ಸಾಲು ಅರ್ಧ ಮೈಲಿ ನಿಂತಿತ್ತು. ವಿಲ್ಫ್ ಕಾರು ಹೊತ್ತ ಲಾರಿಯಲ್ಲಿ ಮುಂದೆ ಹೋಗಿದ್ದ. ವ್ಯಾನಿನಲ್ಲಿ ಗಂಡ ಹೆಂಡತಿ ಇಬ್ಬರೇ. ನಡೆದುಹೋಗುತ್ತಿದ್ದ ಜನ ಗುರುತು ಹಿಡಿದು ಕಿಟಕಿಗೆ ಬಗ್ಗಿ, ಅನ್ಯಾಯ ಮಾರಾಯ, ಅನ್ಯಾಯ ಎಂದು ಹೇಳಿಹೋಗುತ್ತಿದ್ದರು. ಅನ್ಯಾಯವಾಗಿದ್ದರೆ ಯಾರನ್ನಾದರೂ ಬೈಯಬಹುದಿತ್ತು. ನೆವಿಲ್ ಗಾಜು ಏರಿಸಿದ.

ಪಾಲೀನ್ ಮುಂದಿನ ವಾಹನದ ಬೆನ್ನು ನೋಡುತ್ತಲೇ ಕೇಳಿದಳು.

“ನಾನು ನಿಂತಿದ್ದ ಕಡೆ ಗೋಲಿ ಇರಲ್ಲ ಅಲ್ವಾ?”

“ಅಲ್ಲೂ ಇರುತ್ತೆ.”

“ನೆವಿಲ್. ಹದಿಮೂರು ವರ್ಷ ಆ ದರಿದ್ರ ರಬ್ಬರ್‌ನ ನಿನ್ನ ಬೂಟಿನಿಂದ ಕೆರೆದವಳು ನಾನು. ಎಲ್ಲಿರುತ್ತೆ, ಎಲ್ಲಿರಲ್ಲ ಅಂತ ನನಗೆ ಹೇಳ್ಕೊಡಬೇಡ.”

ಅವನು ಗೇರ್ ಹಾಕಿದ, ತೆಗೆದ. ಸಾಲು ಚಲಿಸಲಿಲ್ಲ.

“ಒಂಬತ್ತು ವರ್ಷ ಆದ್ಮೇಲೆ ನೀನು ಬಂದು ನಿಂತಿದ್ದೆ,” ಎಂದ ಕೊನೆಗೆ, ಸಿಟ್ಟಿನಿಂದಲೇ. “ನೋಡಿಯೂ ನೋಡದ ಹಾಗೆ ಹೋಗ್ಬೇಕಿತ್ತಾ?”

“ಹೂಂ. ಹೋಗ್ಬೇಕಿತ್ತು.” ಅವಳ ದನಿಯೂ ಗಟ್ಟಿಯಾಯಿತು. “ಪಿಟ್ಟಿಗೆ ಬಂದ್ಮೇಲೆ ನೋಡಬಹುದಿತ್ತು. ನಾನೆಲ್ಲಿಗೆ ಓಡಿ ಹೋಗ್ತಿದ್ದೆ?”

ಅವಳ ಲೆಕ್ಕ ಸರಿಯಿತ್ತು. ಮುಂದಿನ ವಾಹನ ಹತ್ತಡಿ ಸರಿದು ನಿಂತಿತು. ನೆವಿಲ್ ಹತ್ತಡಿ ಸರಿಸಿ ಬ್ರೇಕ್ ಒತ್ತಿದ. ಬೇಕಪ್ ಇನ್ನೂ ಇನ್ನೂರ ಐವತ್ತು ಮೈಲಿ ಇತ್ತು. ಬೆಳಿಗ್ಗೆ ಎಂಟಕ್ಕೆ ಶೆಡ್ಡಿನಲ್ಲಿ ಎರಡು ಸೈಲೆನ್ಸರ್ ಕೆಲಸ ಕಾಯುತ್ತಿದ್ದವು.