ಅಂಟೆನಾ ಹಿಡಿದು ನಿಂತ ಅಪ್ಪ

ನಾಸಿಕ್ ಹತ್ತಿರ ಓಝರ್‌ನ ನಮ್ಮ ಮನೆಯ ಮೇಲಿಂದ ಇವತ್ತು ಹಳೆಯ ಅಂಟೆನಾದ ಪೈಪು ಇಳಿಸಿದೆವು. ಅಂಗೈಗೆ ಹತ್ತಿದ ತುಕ್ಕಿನ ವಾಸನೆಗೆ ಬಾಲ್ಯದ ಒಂದು ಭಾನುವಾರ ನೆನಪಾಯಿತು.

ಅವ್ವನ ತಮ್ಮ ಅಂದು ಟಿವಿಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಾಡುವವನಿದ್ದ. ಎರಡು ವರ್ಷದಿಂದ ತವರೂರು ಧಾರವಾಡಕ್ಕೆ ಹೋಗಿರದ ಅವ್ವ ಬೆಳಗ್ಗೆಯಿಂದ ಉಂಡಿರಲಿಲ್ಲ. ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ ತಗಡಿನ ಮಾಡು ಹತ್ತಿ ಅಂಟೆನಾ ತಿರುಗಿಸುತ್ತಿದ್ದರು. ಚಿತ್ರ ಬಂತೋ ಇಲ್ಲವೋ ಎಂದು ಕಿಟಕಿಯಿಂದ ಕೂಗುವುದು ನನ್ನ ಕೆಲಸ.

"ಬಂತೇನ?"

"ಇಲ್ರಿ ಅಪ್ಪಾ, ಬರೇ ಚುಕ್ಕಿ!"

ಮಾಮಾನ ದನಿ ಮಾತ್ರ ಕೇಳುತ್ತಿತ್ತು. ಅಷ್ಟರಲ್ಲಿ ಗುಡುಗಿತು. ಎದುರಿನ ದ್ರಾಕ್ಷಿ ತೋಟದ ಮೇಲೆ ಮಿಂಚು ಹೊಡೆಯಿತು. ಅಪ್ಪ ಎರಡೂ ಕೈಯಲ್ಲಿ ಕಬ್ಬಿಣದ ಪೈಪು ಹಿಡಿದೇ ಇದ್ದರು.

"ಸಾಕು, ಇಳೀರಿ!" ಅವ್ವ ಚೀರಿದಳು.

"ಅಂವನ ಮಾರಿ ಕಾಣೂತನಕ ಇಳಿಯಂಗಿಲ್ಲ!"

"ಬಂತ್ರಿ ಅಪ್ಪಾ! ಮಾಮಾ ಕಾಣಾಕತ್ತಾನ!" ನಾನು ಸುಳ್ಳು ಕೂಗಿದೆ. ಅವ್ವ ನನ್ನನ್ನೇ ನೋಡಿದಳು, ಬೈಯಲಿಲ್ಲ.

ಅಪ್ಪ ಒಳಗೆ ಬರುವಷ್ಟರಲ್ಲಿ ಅವಳು ಟಿವಿ ಆರಿಸಿದ್ದಳು. "ಹಾಡು ಮುಗೀತ್ರಿ. ಭಾಳ ಸೊರಗ್ಯಾನ," ಎಂದಳು.

ಅವ್ವ ತೀರಿಹೋಗಿ ನಾಲ್ಕು ತಿಂಗಳಾಯಿತು. ಈಗ ಫೋನಿನಲ್ಲೇ ಕನ್ನಡ ಚಾನೆಲ್‌ಗಳು ಬರುತ್ತವೆ. ಆದರೂ ಪೈಪನ್ನು ಗುಜರಿಗೆ ಕೊಡಲು ಅಪ್ಪ ಒಪ್ಪಲಿಲ್ಲ.

"ಇದನ್ನ ಹಿಡಕೊಂಡ ನಿಂತ, ಅಕೀಗೆ ತಮ್ಮನ ಮಾರಿ ತೋರಿಸೇನಿ," ಎಂದರು.

ನಾನು ಪೈಪು ಒರೆಸಿ ಒಳಗಿಟ್ಟೆ.